ಅಚ್ಚು ಕಾಯುವ ಹೊತ್ತು

ಕೆಲವರಿಗೆ ಕಸೂತಿ ಇಷ್ಟ, ಕೆಲವರಿಗೆ ಅಂಗಳದ ಆಂಥೂರಿಯಂ ಕುಂಡಗಳು. ನನಗೆ ಕೂಟ ಕಟ್ಟುವುದೆಂದರೆ ಪ್ರಾಣ. ಮಂಗಳೂರಿನ ನಮ್ಮ ಸಿ.ಎಸ್.ಐ. ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟಕ್ಕೆ ಒಂದು ಸಂಜೆಯ ಕಾರ್ಯಕ್ರಮ ಹೊಂದಿಸಬೇಕು ಎಂದು ಯಾರಾದರೂ ಅಂದರೆ ಸಾಕು, ಆ ರಾತ್ರಿಯೇ ನೋಟ್‌ಬುಕ್ಕು ತೆಗೆದು ಕೂರುತ್ತೇನೆ. ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಬಂದ ಮೊದಲ ಹತ್ತು ನಿಮಿಷ ಏನು ಮಾಡುತ್ತಾರೆ, ಹೊರಡುವಾಗ ಕೈಯಲ್ಲಿ ಏನಿರುತ್ತದೆ ಎಂದೆಲ್ಲ ಬರೆಯುತ್ತ ಹೋಗುವ ಸುಖವೇ ಬೇರೆ. ಅದರಲ್ಲೂ ಇಪ್ಪತ್ತರಿಂದ ಮೂವತ್ತೈದರ ನಡುವಿನ ಹೆಣ್ಣುಮಕ್ಕಳು ಬಂದು ಕೂತು, ಮನೆಗೆ ಹೋಗುವ ಅವಸರವನ್ನು ಮರೆತುಬಿಡುವಂಥ ಸಂಜೆಯೊಂದನ್ನು ಹೊಂದಿಸಿದಾಗ ಆಗುವ ಸಂತೋಷ ಇನ್ನಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ.

ಎಳೆಯರು ಬರುವುದೇ ಇಲ್ಲ ಎನ್ನುವ ದೂರು ಯಾವ ಸಭೆಗೆ ಹೋದರೂ ಕಿವಿಗೆ ಬೀಳುತ್ತದೆ. ಅದಕ್ಕೆ ಭಕ್ತಿ ಕಡಿಮೆಯಾದದ್ದೇ ಕಾರಣ ಎಂದು ನಾನು ನಂಬುವುದಿಲ್ಲ. ವಾರದ ನಡುವೆ ಮಧ್ಯಾಹ್ನ ಮೂರೂವರೆಗೆ ಕೂಟ ಇಟ್ಟರೆ ಆಸ್ಪತ್ರೆಯಲ್ಲಿ ಪಾಳಿ ಮುಗಿಸುವ ನರ್ಸ್ ಹೇಗೆ ಬರಬೇಕು? ಶಾಲೆಯಲ್ಲಿ ಪಾಠ ಮಾಡುವವಳು, ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವವಳು ಹೇಗೆ ಬರಬೇಕು? ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಸಮಯದ್ದು. ಶನಿವಾರ ಸಂಜೆ ಐದಕ್ಕೋ ಆರಕ್ಕೋ ಎಂದು ಅವರನ್ನೇ ಕೇಳುತ್ತೇನೆ. ಆಮೇಲೆ ಕುರ್ಚಿ. ಸಾಲಾಗಿ ಇಟ್ಟ ಕುರ್ಚಿಗಳು ಬಂದವರನ್ನೆಲ್ಲ ಪ್ರೇಕ್ಷಕರನ್ನಾಗಿ ಮಾಡಿಬಿಡುತ್ತವೆ. ಹಿರಿಯರು ಮುಂದೆ, ಕಿರಿಯರು ಬಾಗಿಲ ಪಕ್ಕ. ಮೇಜುಗಳನ್ನು ಬಿಡಿಬಿಡಿಯಾಗಿ ಇಟ್ಟು ಪ್ರತಿ ಮೇಜಿನ ಮೇಲೂ ಒಂದು ಕೆಲಸ ಇಟ್ಟರೆ ಅದೇ ಹಾಲ್ ಬೇರೆಯಾಗುತ್ತದೆ.

ಕೆಲಸ ಅಂದೆನಲ್ಲ, ಎಲ್ಲವೂ ನಿಂತಿರುವುದು ಅದರ ಮೇಲೆ. ಸ್ವಾಗತ, ಭಾಷಣ, ಲಕ್ಕಿ ಗೇಮ್, ಚಹಾ, ವಂದನಾರ್ಪಣೆ ಎಂಬ ಕ್ರಮದಲ್ಲಿ ಇಪ್ಪತ್ತೈದರ ಹುಡುಗಿಗೆ ಚಪ್ಪಾಳೆ ತಟ್ಟುವುದು ಬಿಟ್ಟು ಬೇರೆ ಪಾತ್ರವೇ ಇಲ್ಲ. ಅವಳ ಕೈ ನಮಗೆ ಬೇಕು ಎಂದು ಅವಳಿಗೆ ಅನ್ನಿಸಬೇಕು. ನಮ್ಮ ಸಭೆಗಳ ಹುಟ್ಟಿಗೇ ಈ ಗುಣ ಅಂಟಿಕೊಂಡಿದೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. 1841ರಲ್ಲಿ ಮುದ್ರಣಾಲಯ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ, ಅವುಗಳ ಜೊತೆಗೆ ನೇಯ್ಗೆ. ಪ್ರಾರ್ಥನೆ ಮತ್ತು ಕೈಕೆಲಸ ಒಂದೇ ಆವರಣದಲ್ಲಿ ಬೆಳೆದ ಊರು ಇದು. ಸುಮ್ಮನೆ ಕೂತು ಕೇಳುವ ಕೂಟ ನಮ್ಮ ರೂಢಿಗೇ ಒಗ್ಗದ್ದು ಎಂದು ನನ್ನ ಅಭಿಪ್ರಾಯ.

ಡಿಸೆಂಬರಿನ ಮೊದಲ ವಾರದ ಕುಸ್ವಾರ್ ಸಂಜೆ ಅದಕ್ಕೇ ನನಗೆ ಎಲ್ಲಕ್ಕಿಂತ ಪ್ರಿಯ. ಕರಾವಳಿಯಲ್ಲಿ ಕ್ರಿಸ್ಮಸ್ ಎಂದರೆ ಕಥೋಲಿಕರ ಮನೆಯಲ್ಲೂ ನಮ್ಮ ಮನೆಯಲ್ಲೂ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ಡಬ್ಬ ತುಂಬಲೇಬೇಕು. ಈಗ ಬೇಕರಿಯಲ್ಲಿ ಪ್ಯಾಕೆಟ್ ಸಿಗುತ್ತದೆ, ನಿಜ. ಆದರೆ ಮಾಡಲು ಬರುವವರು ಅರುವತ್ತು ದಾಟಿದ್ದಾರೆ, ಕಲಿಯಬೇಕು ಎನ್ನುವವರು ಮೂವತ್ತು ಮುಟ್ಟಿಲ್ಲ. ಇಬ್ಬರನ್ನೂ ಒಂದು ಬಾಣಲೆಯ ಮುಂದೆ ನಿಲ್ಲಿಸಿದರೆ ನನ್ನ ಕೆಲಸ ಅರ್ಧ ಮುಗಿದಂತೆ. ಒಂದು ಮೇಜಿನಲ್ಲಿ ಕಿಡಿಯೊ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಹಲ್ಲುಗಳ ಮೇಲೆ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿ ಇಳಿಸುವುದು. ಇನ್ನೊಂದರಲ್ಲಿ ನೆವ್ರಿ. ಹೂರಣಕ್ಕೆ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ. ಅಂಚು ಸರಿಯಾಗಿ ಕೂಡದಿದ್ದರೆ ಎಣ್ಣೆಯಲ್ಲೇ ಬಾಯಿ ಬಿಡುತ್ತದೆ.

ಒಲೆಯ ಹತ್ತಿರ ರೋಸ್ ಕುಕ್ಕೀಸ್. ಮೈದಾ, ಸ್ವಲ್ಪ ಅಕ್ಕಿಹಿಟ್ಟು, ಮೊಟ್ಟೆ, ಸಕ್ಕರೆ, ಗಟ್ಟಿ ತೆಂಗಿನಹಾಲು ಸೇರಿಸಿ ಹಿಟ್ಟು ಕಲಸಬೇಕು. ಉದ್ದ ಹಿಡಿಯ ಹೂವಿನ ಅಚ್ಚನ್ನು ಕಾದ ಎಣ್ಣೆಯಲ್ಲಿ ಮುಳುಗಿಸಿ, ಹಿಟ್ಟಿಗೆ ಅದ್ದಿ, ಮತ್ತೆ ಎಣ್ಣೆಗೆ ಇಳಿಸಬೇಕು. ಹಿಟ್ಟು ಅಚ್ಚಿನ ಅಂಚಿನವರೆಗೆ ಬಂದರೂ ಮೇಲಕ್ಕೆ ಹತ್ತಬಾರದು. ಹತ್ತಿತೋ, ಹೂ ಬಿಡಿಸಿಕೊಳ್ಳುವುದಿಲ್ಲ. ಒಬ್ಬ ಹುಡುಗಿ ಅಚ್ಚನ್ನು ಅಲ್ಲಾಡಿಸಿ ಅಲ್ಲಾಡಿಸಿ, "ಆಂಟಿ, ಇದು ಬಿಡುದೇ ಇಲ್ಲ ಮಾರಾಯ್ರೆ!" ಎಂದಳು. ಪಕ್ಕದಲ್ಲಿದ್ದ ಹಿರಿಯರು ಅವಳ ಕೈಯ ಮೇಲೆ ಕೈ ಇಟ್ಟು, "ಎಣ್ಣೆ ಮಾತ್ರ ಕಾದ್ರೆ ಸಾಕಾಗುದಿಲ್ಲ ಮಗಾ, ಅಚ್ಚು ಕೂಡ ಕಾಯ್ಬೇಕು. ಸ್ವಲ್ಪ ಹೊತ್ತು ಎಣ್ಣೆಯಲ್ಲೇ ಬಿಡು" ಎಂದರು. ಆ ಸ್ವಲ್ಪ ಹೊತ್ತಿಗಾಗಿಯೇ ನಾನು ಇಷ್ಟೆಲ್ಲ ಏರ್ಪಾಡು ಮಾಡುವುದು. ಅಚ್ಚು ಕಾಯುವವರೆಗೆ ಇಬ್ಬರಿಗೂ ಬೇರೆ ಕೆಲಸವಿಲ್ಲ, ಕಣ್ಣು ಬಾಣಲೆಯ ಮೇಲೆ, ಮಾತು ತಾನಾಗಿ ಹೊರಡುತ್ತದೆ. ಎದುರುಬದುರು ಕೂರಿಸಿ "ನಿನ್ನ ಕಷ್ಟ ಹೇಳು" ಎಂದರೆ ಯಾರೂ ಹೇಳುವುದಿಲ್ಲ. ರಾತ್ರಿಪಾಳಿಯ ನಿದ್ದೆಗೇಡು, ತಾಯಿಯ ಕಾಯಿಲೆ, ವಿದೇಶಕ್ಕೆ ಹೋಗಲೋ ಬೇಡವೋ ಎಂಬ ತೊಳಲಾಟ ಎಲ್ಲ ಆ ಒಲೆಯ ಮುಂದೆ ಹೊರಬಂದದ್ದನ್ನು ನಾನೇ ಕೇಳಿದ್ದೇನೆ.

ಇದಕ್ಕೆ ಮುಂಚಿತವಾಗಿ ಮಾಡಿಡಬೇಕಾದ ಕೆಲಸವೂ ಉಂಟು. ಹಿರಿಯರಿಗೆಲ್ಲ ಒಂದು ವಾರ ಮೊದಲೇ ಫೋನ್ ಮಾಡಿ ಒಂದು ಮಾತು ಬೇಡಿಕೊಳ್ಳುತ್ತೇನೆ: "ಮದುವೆ ಯಾವಾಗ", "ವಿಶೇಷ ಏನಾದರೂ ಉಂಟಾ" ಎಂಬ ಪ್ರಶ್ನೆಗಳು ಆ ಸಂಜೆ ಬೇಡ. ಕೇಳುವವರಿಗೆ ಅದು ಕುಶಲೋಪರಿ. ಕೇಳಿಸಿಕೊಂಡವಳು ಮುಂದಿನ ಕೂಟಕ್ಕೆ ಬರುವುದಿಲ್ಲ. ಎಳೆ ಮಕ್ಕಳ ತಾಯಂದಿರಿಗಾಗಿ ಸಂಡೇ ಸ್ಕೂಲ್ ಕೋಣೆ ತೆರೆದಿಟ್ಟು, ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಯೌವನಸ್ಥರ ಸಂಘದ ಹುಡುಗರಿಗೆ ವಹಿಸುತ್ತೇನೆ. ಹುಡುಗರು ಅದನ್ನು ಚೆನ್ನಾಗಿಯೇ ಮಾಡುತ್ತಾರೆ. ಲೆಕ್ಕದ ಪುಸ್ತಕವನ್ನು ಎಳೆಯರೊಬ್ಬರ ಕೈಗೇ ಕೊಡುವುದು ಇನ್ನೊಂದು ನಿಯಮ. ಸೆಂಟ್ರಲ್ ಮಾರ್ಕೆಟ್ಟಿನಿಂದ ಎಷ್ಟು ತೆಂಗಿನಕಾಯಿ, ಎಷ್ಟು ಕೆಜಿ ಮೈದಾ ಎಂದು ನಿರ್ಧರಿಸುವವಳಿಗೆ ಆ ಸಂಜೆ ತನ್ನದು ಅನ್ನಿಸುತ್ತದೆ.

ಪ್ರಾರ್ಥನೆಗೆ ಇಡುವ ಹೊತ್ತು ಚಿಕ್ಕದು, ಆದರೆ ಅದನ್ನು ಕೊನೆಗೆ ತಳ್ಳುವುದಿಲ್ಲ. ನಡುವೆಯೇ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಕೂತು ಐದು ನಿಮಿಷ ಒಂದು ಕಥೆ ಹೇಳುತ್ತೇನೆ. 1956ರಲ್ಲಿ ಶಾಂತಿ ಸೊಲೊಮನ್ ಎಂಬ ನಮ್ಮ ದೇಶದ ಮಹಿಳೆ ಬೇರೆ ದೇಶಗಳ ಸೋದರಿಯರ ಜೊತೆ ಏಷ್ಯಾದ ಸಭೆಗಳನ್ನು ಭೇಟಿಮಾಡಲು ಹೊರಟಿದ್ದರು. ಕೊರಿಯಾಕ್ಕೆ ಹೋಗಲು ಅವರಿಗೆ ವೀಸಾ ಸಿಗಲಿಲ್ಲ. ಉಳಿದವರು ಮುಂದೆ ಹೋದರು, ಇವರು ಫಿಲಿಪ್ಪೀನ್ಸ್‌ನಲ್ಲಿ ಉಳಿಯಬೇಕಾಯಿತು. ಗಡಿ ದಾಟಲು ಪ್ರಾರ್ಥನೆಗೆ ಯಾರ ಅಪ್ಪಣೆಯೂ ಬೇಡ ಎಂಬ ಯೋಚನೆ ಅವರಿಗೆ ಹೊಳೆಯಿತು. ಪ್ರಾರ್ಥಿಸುವಾಗಲೆಲ್ಲ ತನ್ನ ದೇಶದ ಅತಿ ಸಣ್ಣ ನಾಣ್ಯವೊಂದನ್ನು ಪ್ರತಿ ಹೆಂಗಸೂ ತೆಗೆದಿಡಲಿ, ಬಡವಿಗೂ ಸಿರಿವಂತೆಗೂ ಕಾಣಿಕೆ ಸಮನಾಗಿರಲಿ ಎಂದು ಅವರು ಸೂಚಿಸಿದರು. ಹಾಗೆ ಹುಟ್ಟಿದ ಫೆಲೋಶಿಪ್ ಆಫ್ ದ ಲೀಸ್ಟ್ ಕಾಯಿನ್ ಇಂದು ಅನೇಕ ದೇಶಗಳಲ್ಲಿದೆ. ವೀಸಾ ಸಾಲಿನಲ್ಲಿ ನಿಂತು ಬಂದ ಹುಡುಗಿಯರು ನಮ್ಮ ಮೇಜುಗಳ ಸುತ್ತಲೂ ಇರುತ್ತಾರೆ. ಈ ಕಥೆ ಅವರಿಗೆ ನೇರ ತಾಗುತ್ತದೆ, ನಾನು ಬೇರೆ ಉಪದೇಶ ಸೇರಿಸಬೇಕಾಗಿಲ್ಲ.

ಕರಿದದ್ದೆಲ್ಲ ಆರಿದ ಮೇಲೆ ಪ್ಯಾಕೆಟ್ ಕಟ್ಟುವುದು. ಒಂದು ಪಾಲು ಮಾಡಿದವರ ಮನೆಗೆ. ಇನ್ನೊಂದು ಪಾಲು ಹಬ್ಬಕ್ಕೆ ಊರಿಗೆ ಹೋಗಲಾರದ ಹಾಸ್ಟೆಲಿನ ಮಕ್ಕಳಿಗೆ, ಮನೆಯಿಂದ ಹೊರಬರಲಾರದ ಸಭೆಯ ಅಜ್ಜಿಯಂದಿರಿಗೆ. ಪ್ಯಾಕೆಟ್ ತಲುಪಿಸಲು ಸ್ಕೂಟರ್ ಇರುವ ಹುಡುಗಿಯರು ಮುಂದಾಗುತ್ತಾರೆ, ಅವರ ಹಿಂದಿನ ಸೀಟಿನಲ್ಲಿ ಮತ್ತೊಬ್ಬ ಹಿರಿಯರು.

ಹೀಗೆ ಕೂಡಿಬಂದವರೇ ಈಗ ಮಾರ್ಚ್ ತಿಂಗಳ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನಕ್ಕೆ ತಯಾರಿ ಶುರುಮಾಡಿದ್ದಾರೆ. ಅದರ ಆರಾಧನಾ ಕ್ರಮವನ್ನು ಪ್ರತಿ ವರ್ಷ ಒಂದು ದೇಶದ ಸ್ತ್ರೀಯರು ಬರೆದು ಲೋಕಕ್ಕೆ ಕೊಡುತ್ತಾರೆ. 2025ರಲ್ಲಿ ಕುಕ್ ದ್ವೀಪಗಳವರು, 2026ರದ್ದು ನೈಜೀರಿಯಾದವರದು. ಆ ದೇಶದ ಅಡುಗೆಯನ್ನೂ ಮಾಡೋಣ ಎಂದು ಎಳೆಯರು ಪಟ್ಟು ಹಿಡಿದರು. ಟೊಮೆಟೊ, ಕೆಂಪು ಮೆಣಸು ಅರೆದು ಹಾಕುವ ಜೊಲೊಫ್ ಅನ್ನವನ್ನು ಹುಡುಕಿ ತೆಗೆದರು. ಅದಕ್ಕೂ ಕುಚ್ಚಲಕ್ಕಿಯನ್ನೇ ಬಳಸುವುದುಂಟು ಎಂದು ತಿಳಿದ ಮೇಲೆ ನಮ್ಮ ಹಿರಿಯರೂ ಹುಮ್ಮಸ್ಸಿನಿಂದ ಎದ್ದು ಕೂತಿದ್ದಾರೆ. ಬೆಳ್ತಿಗೆಯೇ ಆಗಬೇಕು ಎಂದು ಒಬ್ಬರು, ಕುಚ್ಚಲಕ್ಕಿಯೇ ಸರಿ ಎಂದು ಇನ್ನೊಬ್ಬರು. ಮುಂದಿನ ಶನಿವಾರ ಎರಡನ್ನೂ ಬೇಯಿಸಿ ನೋಡುವುದೆಂದು ತೀರ್ಮಾನವಾಗಿದೆ. ಅಕ್ಕಿ, ಟೊಮೆಟೊ ತರುವವರ ಹೆಸರನ್ನು ಬರೆದುಕೊಂಡಿದ್ದೇನೆ, ದೊಡ್ಡ ಪಾತ್ರೆ ಯಾರ ಮನೆಯಿಂದ ಎಂಬುದೊಂದು ಬಾಕಿ ಇದೆ.