ಆಡದ ಪಂದ್ಯಕ್ಕಾಗಿ ಬಿಟ್ಟುಕೊಟ್ಟ ಪಾಸ್‌ಪೋರ್ಟ್

ಭಾರತ ಫುಟ್‌ಬಾಲ್ ತಂಡಕ್ಕೆ ಆಡಬೇಕೆಂದು ನಾನು ಜರ್ಮನಿಯ ಪಾಸ್‌ಪೋರ್ಟ್ ಬಿಟ್ಟುಕೊಟ್ಟೆ. ಭಾರತದ ಪೌರತ್ವ ಕೈಗೆ ಬಂದು ಕೆಲವೇ ತಿಂಗಳಲ್ಲಿ ಬಲಗಾಲಿನ ಮಂಡಿಯ ಲಿಗಮೆಂಟ್ ಹರಿಯಿತು. ಭಾರತದ ಪರ ಒಂದೇ ಒಂದು ಪಂದ್ಯವನ್ನೂ ಆಡದೆ ನನ್ನ ಆಟದ ಬದುಕು ಮುಗಿಯಿತು. ಇದನ್ನು ಕೇಳಿದವರಲ್ಲಿ ಕೆಲವರು ‘ಅಯ್ಯೋ ಪಾಪ’ ಅನ್ನುತ್ತಾರೆ. ಇನ್ನು ಕೆಲವರು ‘ಯಾರು ಬಿಡು ಅಂದಿದ್ದರು?’ ಅನ್ನುತ್ತಾರೆ. ನನ್ನಂತೆ ಅಪ್ಪನದೊಂದು ದೇಶ, ಅಮ್ಮನದೊಂದು ದೇಶ ಎಂದು ಬೆಳೆಯುತ್ತಿರುವ ಆಟಗಾರರು ಇಂದಿಗೂ ಇದ್ದಾರೆ. ಅವರಿಗೂ ಅವರ ಮನೆಯವರಿಗೂ ಗೊತ್ತಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಅಪ್ಪ ಬೆಂಗಳೂರಿನ ಆಸ್ಟಿನ್ ಟೌನ್‌ನವರು. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿದ್ದಾಗ ತರಬೇತಿಗೆಂದು ಸ್ಟುಟ್‌ಗಾರ್ಟ್‌ಗೆ ಹೋದವರು, ಅಲ್ಲಿ ಅಮ್ಮನನ್ನು ಕಂಡು ಮದುವೆಯಾದರು. ನಾನು ಹುಟ್ಟಿದ್ದು ಅಲ್ಲಿ. ಆದರೆ ಮಾತು ಕಲಿತದ್ದು, ಚೆಂಡು ಒದ್ದದ್ದು ಬೆಂಗಳೂರಿನ ಅಜ್ಜಿ ಮನೆಯಲ್ಲಿ. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಇವೆಲ್ಲ ಕ್ರಿಕೆಟ್ಟಿಗಿಂತ ಫುಟ್‌ಬಾಲನ್ನು ಹೆಚ್ಚು ಹಚ್ಚಿಕೊಂಡ ಬಡಾವಣೆಗಳು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಸಂಜೆಯಾದರೆ ಅಪ್ಪ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರ ಕಥೆ ಹೇಳುತ್ತಿದ್ದರು. ಅದೇ ತಂಡದ ಅಹ್ಮದ್ ಖಾನ್ ಹೆಸರೆತ್ತಿದರಂತೂ ಅವರ ದನಿಯೇ ಬದಲಾಗುತ್ತಿತ್ತು. ಅವರೆಲ್ಲ ನಮ್ಮ ಕಡೆಯವರು, ನಮ್ಮ ಬೀದಿಗಳಂಥ ಬೀದಿಗಳಲ್ಲೇ ಆಡಿದವರು ಎಂಬ ಹೆಮ್ಮೆ ಅವರಿಗೆ.

ನನ್ನನ್ನು ಮಿಡ್‌ಫೀಲ್ಡರ್ ಮಾಡಿದ್ದೂ ಅಪ್ಪನೇ. ‘ಚೆಂಡು ಬರೋಕೆ ಮುಂಚೆ ಹಿಂದೆ ತಿರುಗಿ ನೋಡು’ ಎನ್ನುತ್ತಿದ್ದರು. ಡಿಫೆಂಡರ್ ಪಾಸ್ ಕೊಡುವ ಮುಂಚೆಯೇ ಹೆಗಲ ಮೇಲಿಂದ ಒಮ್ಮೆ ನೋಡಿಕೊಳ್ಳಬೇಕು. ಎದುರಾಳಿ ಎಲ್ಲಿದ್ದಾನೆ, ಜಾಗ ಎಲ್ಲಿದೆ ಎನ್ನುವುದು ಚೆಂಡು ಕಾಲಿಗೆ ತಾಗುವ ಮೊದಲೇ ಗೊತ್ತಿರಬೇಕು. ಮೈಯನ್ನು ಅರ್ಧ ತಿರುಗಿಸಿ ನಿಂತು ಚೆಂಡು ತೆಗೆದುಕೊಂಡರೆ ಮುಂದಿನ ಪಾಸ್ ತಾನಾಗಿ ಕಾಣುತ್ತದೆ. ನಾವು ಜರ್ಮನಿಗೆ ವಾಪಸಾದ ಮೇಲೆ ಅಲ್ಲಿನ ಕೋಚ್‌ಗಳು ಹೇಳಿಕೊಟ್ಟದ್ದೂ ಇದನ್ನೇ. ಅಲ್ಲಿ ಕಿರಿಯರ ತಂಡಗಳನ್ನು ದಾಟಿ ನಾಲ್ಕನೇ ಹಂತದ ಲೀಗ್, ಆಮೇಲೆ ಮೂರನೇ ಹಂತದ ಲೀಗ್‌ವರೆಗೆ ಆಡಿದೆ. ಬುಂಡೆಸ್‌ಲೀಗ ತಲುಪಲಿಲ್ಲ. ಸಂಬಳ ಬರುತ್ತಿತ್ತು, ಅದರಲ್ಲಿ ಬದುಕು ಸಾಗುತ್ತಿತ್ತು.

ಎರಡು ದೇಶಗಳ ನಡುವಿನ ಆಟಗಾರ ಎಂದರೇನು ಎಂದು ನನಗೆ ಮನವರಿಕೆಯಾದದ್ದು 2010ರ ವಿಶ್ವಕಪ್‌ನಲ್ಲಿ. ಜೊಹಾನ್ಸ್‌ಬರ್ಗ್‌ನಲ್ಲಿ ಜರ್ಮನಿ ಮತ್ತು ಘಾನಾ ಆಡಿದವು. ಜರ್ಮನಿಗೆ ಜೆರೋಮ್ ಬೋಟೆಂಗ್, ಘಾನಾಕ್ಕೆ ಅವರ ಅಣ್ಣ ಕೆವಿನ್ ಪ್ರಿನ್ಸ್ ಬೋಟೆಂಗ್. ತಂದೆ ಒಬ್ಬರೇ, ಇಬ್ಬರೂ ಬರ್ಲಿನ್‌ನಲ್ಲಿ ಹುಟ್ಟಿದವರು, ಜೆರ್ಸಿ ಮಾತ್ರ ಬೇರೆ. ಆ ಪಂದ್ಯದ ಏಕೈಕ ಗೋಲು ಹೊಡೆದದ್ದು ಟರ್ಕಿ ಮೂಲದ ಮಿಡ್‌ಫೀಲ್ಡರ್ ಮೆಸುಟ್ ಓಝಿಲ್. ಗೆಲ್ಸೆನ್‌ಕಿರ್ಶನ್‌ನಲ್ಲಿ ಹುಟ್ಟಿದ ಅವರು ಜರ್ಮನಿಯ ಪೌರತ್ವಕ್ಕಾಗಿ 2007ರಲ್ಲಿ ಟರ್ಕಿಯ ಪೌರತ್ವ ಬಿಟ್ಟಿದ್ದರು. ಪಂದ್ಯ ಮುಗಿದ ಮೇಲೆ ಅಪ್ಪ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ನನ್ನ ಬಳಿ ಒಸಿಐ ಕಾರ್ಡ್ ಇತ್ತು. ಅದು ಇದ್ದರೆ ವೀಸಾ ಇಲ್ಲದೆ ಭಾರತಕ್ಕೆ ಬರಬಹುದು, ಇರಬಹುದು, ದುಡಿಯಬಹುದು. ಹೆಸರಿನಲ್ಲಿ ‘ಸಾಗರೋತ್ತರ ನಾಗರಿಕ’ ಎಂದಿದ್ದರೂ ಅದು ಪೌರತ್ವವಲ್ಲ. ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶದ ಪರ ಆಡಬೇಕೆಂದು ಕ್ರೀಡಾ ಸಚಿವಾಲಯ 2008ರಲ್ಲೇ ತೀರ್ಮಾನಿಸಿತ್ತು. ನಮ್ಮ ಸಂವಿಧಾನ ಎರಡು ಪೌರತ್ವಕ್ಕೆ ಅವಕಾಶ ಕೊಟ್ಟಿಲ್ಲ. ಆಗ ಜರ್ಮನಿಯ ಕಾನೂನೂ ಬಿಗಿಯಾಗಿತ್ತು. ಅನುಮತಿಯಿಲ್ಲದೆ ಬೇರೆ ದೇಶದ ಪೌರತ್ವ ಪಡೆದವರ ಜರ್ಮನ್ ಪೌರತ್ವ ತಾನಾಗಿ ಹೋಗುತ್ತಿತ್ತು.

ಒಂದು ಪೌರತ್ವ ಬಿಟ್ಟು ಭಾರತೀಯನಾಗುವ ಹಾದಿಯನ್ನು ನನಗೆ ತೋರಿಸಿದ್ದು ಅರಾತಾ ಇಝುಮಿ ಅವರ ಉದಾಹರಣೆ. ಜಪಾನಿ ತಾಯಿ, ಗುಜರಾತಿ ಮೂಲದ ತಂದೆ, ಅವರೂ ಮಿಡ್‌ಫೀಲ್ಡರ್. ಪುಣೆ ಎಫ್‌ಸಿಯಲ್ಲಿದ್ದಾಗ ಜಪಾನ್ ಪೌರತ್ವ ಬಿಟ್ಟು ಭಾರತೀಯರಾದರು, 2013ರಲ್ಲಿ ಭಾರತ ತಂಡದ ಪರ ಆಡಿದರು. ಆ ಸುದ್ದಿಯನ್ನು ಅಪ್ಪ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದರು.

ನಾನು ಭಾರತದ ಒಂದು ಕ್ಲಬ್ಬಿಗೆ ಬಂದೆ. ಮೊದಮೊದಲು ವಿದೇಶಿ ಆಟಗಾರರ ಪಟ್ಟಿಯಲ್ಲಿದ್ದೆ. ಪೌರತ್ವದ ನಿಯಮದ ಪ್ರಕಾರ ಒಸಿಐ ಕಾರ್ಡ್ ಸಿಕ್ಕು ಐದು ವರ್ಷ ಆಗಿರಬೇಕು, ಅರ್ಜಿ ಹಾಕುವ ಮುಂಚಿನ ಹನ್ನೆರಡು ತಿಂಗಳು ಇಲ್ಲೇ ವಾಸವಿರಬೇಕು. ಅಪ್ಪನ ಜನನ ಪ್ರಮಾಣಪತ್ರ ಹುಡುಕುವುದೇ ಒಂದು ಕೆಲಸವಾಯಿತು. ಪೊಲೀಸ್ ವಿಚಾರಣೆ, ಮತ್ತೆ ಮತ್ತೆ ಅದೇ ಕಾಗದಗಳು. ಒಂದು ಕಡೆ ಪಂದ್ಯ ಮುಗಿಸಿ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಕಚೇರಿಯ ಬೆಂಚಿನ ಮೇಲೆ ಕೂತದ್ದಿದೆ. ಕೊನೆಗೆ ನಿಷ್ಠೆಯ ಪ್ರಮಾಣ ವಚನ ಸ್ವೀಕರಿಸಿದೆ. ಜರ್ಮನ್ ಪಾಸ್‌ಪೋರ್ಟನ್ನು ಕೌಂಟರಿನಲ್ಲಿ ಕೊಟ್ಟಾಗ ಅಲ್ಲಿನ ಸಿಬ್ಬಂದಿ ಅದರ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿದರು. ಗಟ್ಟಿ ರಟ್ಟು, ಒಂದೇ ಸಲಕ್ಕೆ ತುಂಡಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ಆಡುವ ದಿನ ನಾನು ಬರುತ್ತೇನೆ, ವೀಸಾ ತೆಗೆದುಕೊಂಡೇ ಬರುತ್ತೇನೆ’ ಎಂದಳು.

ಭಾರತ ತಂಡದ ಸಂಭಾವ್ಯರ ಪಟ್ಟಿಯಲ್ಲಿ ನನ್ನ ಹೆಸರೂ ಇರಬಹುದು ಎಂದು ಕೋಚ್ ಹೇಳಿದ್ದು ಅದಾದ ಕೆಲವು ವಾರಗಳಿಗೆ. ಗಾಯವಾದದ್ದು ಅದೇ ತಿಂಗಳು, ಲೀಗ್ ಪಂದ್ಯವೊಂದರಲ್ಲಿ. ಯಾರೂ ನನ್ನನ್ನು ಮುಟ್ಟಲಿಲ್ಲ. ಹಿಂದೆ ನೋಡಿದೆ, ಜಾಗವಿತ್ತು. ಚೆಂಡು ತೆಗೆದುಕೊಂಡು ಬಲಗಾಲು ಊರಿ ತಿರುಗಿದೆ. ಬೂಟಿನ ಸ್ಟಡ್ ಹುಲ್ಲಿನಲ್ಲಿ ಕಚ್ಚಿಕೊಂಡಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ ಟಕ್ ಎಂದು ಒಂದು ಸದ್ದು. ಆಶ್ಚರ್ಯವೆಂದರೆ ನೋವು ಮೊದಲೆರಡು ನಿಮಿಷದಲ್ಲೇ ಕಡಿಮೆಯಾಯಿತು. ಎದ್ದು ನಡೆದೆ. ಡ್ರೆಸ್ಸಿಂಗ್ ರೂಮಿಗೆ ಹೋಗುವಷ್ಟರಲ್ಲಿ ಮಂಡಿಯ ಚಿಪ್ಪು ಕಾಣದಷ್ಟು ಊದಿಕೊಂಡಿತ್ತು. ಗಾಯವಾದ ಕೂಡಲೇ ಹೀಗೆ ಊದಿದರೆ ಒಳಗೆ ರಕ್ತ ತುಂಬಿದೆ ಎಂದೇ ಲೆಕ್ಕ ಎಂದು ಫಿಸಿಯೋ ಹೇಳಿದರು. ಎಂಆರ್‌ಐನಲ್ಲಿ ಎಸಿಎಲ್ ಪೂರ್ತಿ ಹರಿದಿತ್ತು, ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಕೂಡ ಸೀಳಿತ್ತು.

ಎಸಿಎಲ್ ಎನ್ನುವುದು ಮಂಡಿಯ ನಡುವೆ ಓರೆಯಾಗಿ ಹಾದುಹೋಗುವ ಸಣ್ಣ ಪಟ್ಟಿ. ನೇರ ಓಡುವುದಕ್ಕೆ ಅದು ಇಲ್ಲದಿದ್ದರೂ ಹೇಗೋ ನಡೆಯುತ್ತದೆ, ಆದರೆ ಗಕ್ಕನೆ ನಿಂತು ತಿರುಗುವುದಕ್ಕೆ ಅದು ಬೇಕೇ ಬೇಕು. ಮಿಡ್‌ಫೀಲ್ಡರ್‌ನ ಕೆಲಸವೇ ತಿರುಗುವುದು. ಹರಿದ ಪಟ್ಟಿ ತಾನಾಗಿ ಕೂಡುವುದು ಅಪರೂಪ. ಹಾಗಾಗಿ ನನ್ನದೇ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು, ಎಲುಬಿನಲ್ಲಿ ರಂಧ್ರ ಕೊರೆದು, ಹೊಸದನ್ನು ಕೂರಿಸಿದರು. ಹೊಸದು ಗಟ್ಟಿಯಾಗಲು ಕನಿಷ್ಠ ಒಂಬತ್ತು ತಿಂಗಳು ಬೇಕು, ಅದಕ್ಕೆ ಮುಂಚೆ ಇಳಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸಿದರು.

ಶಸ್ತ್ರಚಿಕಿತ್ಸೆಯ ನಂತರದ ದಿನಗಳು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮೊದಲ ಕೆಲಸ ಓಡುವುದಲ್ಲ, ನಡೆಯುವುದೂ ಅಲ್ಲ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿದು, ಟವೆಲನ್ನು ಹಾಸಿಗೆಗೆ ಒತ್ತಬೇಕು. ಅಷ್ಟೇ. ನಾನು ಒತ್ತು ಎಂದು ಕಾಲಿಗೆ ಹೇಳುತ್ತಿದ್ದೆ, ತೊಡೆ ಅಲುಗುತ್ತಲೇ ಇರಲಿಲ್ಲ. ಇಷ್ಟು ವರ್ಷ ನನ್ನನ್ನು ಹೊತ್ತು ಓಡಿದ ಸ್ನಾಯು ನನ್ನ ಮಾತು ಕೇಳುತ್ತಿಲ್ಲ ಎನ್ನುವುದು ನೋವಿಗಿಂತ ಹೆಚ್ಚು ಹೆದರಿಸಿತು. ಫಿಸಿಯೋ ನನ್ನ ಬೆರಳನ್ನು ತೊಡೆಯ ಮೇಲಿಟ್ಟು, ‘ಇಲ್ಲಿ, ಇಲ್ಲಿ ಎಳೆ’ ಎಂದು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಬೆರಳ ಕೆಳಗೆ ಸಣ್ಣ ಅದುರು ಸಿಕ್ಕಿತು. ಅಂದು ಅಪ್ಪನಿಗೆ ಫೋನ್ ಮಾಡಿ ಅತ್ತೆ.

ಅಷ್ಟರಲ್ಲಿ ಕ್ಲಬ್ಬಿನ ಒಪ್ಪಂದ ಮುಗಿಯಿತು, ಅವರು ಮುಂದುವರಿಸಲಿಲ್ಲ. ಚಿಕಿತ್ಸೆಯ ಉಳಿದ ಖರ್ಚು ನನ್ನ ಪಾಲಿಗೆ ಬಂತು. ರಾಷ್ಟ್ರೀಯ ತಂಡದ ಕರ್ತವ್ಯದಲ್ಲಿ ಗಾಯಗೊಂಡ ಆಟಗಾರನ ಸಂಬಳಕ್ಕೆ ಫಿಫಾದ ವಿಮೆಯಿದೆ, ಅದು ಕ್ಲಬ್ಬಿಗೆ ಪರಿಹಾರ ಕೊಡುತ್ತದೆ. ನಾನು ರಾಷ್ಟ್ರೀಯ ತಂಡದಲ್ಲಿ ಇರಲೇ ಇಲ್ಲ, ತಂಡಕ್ಕಾಗಿ ಪಾಸ್‌ಪೋರ್ಟ್ ಬಿಟ್ಟವನಷ್ಟೇ. ಜರ್ಮನಿಗೆ ಹಿಂತಿರುಗಿ ಕೆಳಹಂತದ ಲೀಗ್‌ನಲ್ಲಾದರೂ ಆಡೋಣವೆಂದರೆ, ಕೆಲಸದ ಪರವಾನಗಿ ಬೇಕು. ಮಂಡಿ ಮುರಿದ ವಿದೇಶಿಗೆ ಅದನ್ನು ಯಾರು ಕೊಡಿಸುತ್ತಾರೆ?

ಎಲ್ಲಕ್ಕಿಂತ ಕಷ್ಟದ ದಿನ ಬಂದದ್ದು ಅಮ್ಮನಿಗೆ ಹೃದಯದ ಶಸ್ತ್ರಚಿಕಿತ್ಸೆ ಆದಾಗ. ವೀಸಾಕ್ಕೆ ಬೇಗ ದಿನಾಂಕ ಸಿಗಲಿಲ್ಲ. ನಾನು ಹುಟ್ಟಿದ ಊರಿಗೆ, ಹೆತ್ತವಳನ್ನು ನೋಡಲು ಹೋಗಲು ಬ್ಯಾಂಕ್ ಖಾತೆಯ ವಿವರ, ಆಹ್ವಾನ ಪತ್ರ, ವಿಮೆ ಎಲ್ಲ ಜೋಡಿಸಬೇಕಾಯಿತು. ನಾನು ತಲುಪಿದಾಗ ಅವಳು ಆಸ್ಪತ್ರೆಯಿಂದ ಮನೆಗೆ ಬಂದಾಗಿತ್ತು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಬೇರೆ ದೇಶದವರ ಉದ್ದ ಸಾಲಿನಲ್ಲಿ ನಿಂತಿದ್ದೆ. ಅಧಿಕಾರಿ ಇಂಗ್ಲಿಷಿನಲ್ಲಿ ಪ್ರವಾಸದ ಉದ್ದೇಶ ಕೇಳಿದರು. ನಾನು ಸ್ಟುಟ್‌ಗಾರ್ಟ್ ಕಡೆಯ ಜರ್ಮನ್‌ನಲ್ಲಿ ಉತ್ತರಿಸಿದೆ. ಅವರು ತಲೆಯೆತ್ತಿ ಪಾಸ್‌ಪೋರ್ಟಿನಲ್ಲಿ ನಾನು ಹುಟ್ಟಿದ ಊರಿನ ಹೆಸರು ಓದಿ, ಮತ್ತೊಮ್ಮೆ ನನ್ನ ಮುಖ ನೋಡಿ, ಮುದ್ರೆ ಒತ್ತಿದರು.

ಮಂಡಿ ವಾಸಿಯಾಯಿತು, ಮತ್ತೆ ಅಭ್ಯಾಸಕ್ಕಿಳಿದೆ. ಮತ್ತೆ ಮೆನಿಸ್ಕಸ್ ಹರಿಯಿತು, ಮತ್ತೆ ಶಸ್ತ್ರಚಿಕಿತ್ಸೆ. ಮಂಡಿಯ ಮೃದ್ವಸ್ಥಿ ಸವೆದಿದೆ, ಇನ್ನು ಸ್ಪರ್ಧಾತ್ಮಕ ಆಟ ಬೇಡ ಎಂದು ವೈದ್ಯರು ಹೇಳಿದ ಮೇಲೆ ನಿಲ್ಲಿಸಿದೆ.

ಆಮೇಲೆ ಕಾಲ ಬದಲಾಯಿತು. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವವನ್ನು ಒಪ್ಪಿಕೊಂಡಿತು. 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಭಾರತದ ವಿರುದ್ಧ ಹಮ್ಜಾ ಚೌಧರಿ ಬಾಂಗ್ಲಾದೇಶದ ಪರ ಮೊದಲ ಪಂದ್ಯ ಆಡಿದರು. ಇಂಗ್ಲೆಂಡಿನಲ್ಲಿ ಹುಟ್ಟಿ, ಲೆಸ್ಟರ್ ಸಿಟಿಯೊಂದಿಗೆ ಎಫ್‌ಎ ಕಪ್ ಗೆದ್ದ ಮಿಡ್‌ಫೀಲ್ಡರ್ ಅವರು. ತಾಯಿ ಬಾಂಗ್ಲಾದೇಶದವರು, ತಂದೆ ಗ್ರೆನಾಡಾ ಮೂಲದವರು. ಬ್ರಿಟಿಷ್ ಪೌರತ್ವ ಬಿಡದೆಯೇ ಅವರು ಬಾಂಗ್ಲಾದೇಶದ ಜೆರ್ಸಿ ತೊಟ್ಟರು. ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಟಿವಿಯಲ್ಲಿ ಅವರು ಚೆಂಡು ಬರುವ ಮುನ್ನ ಹಿಂದೆ ನೋಡುವುದನ್ನೇ ನೋಡುತ್ತಿದ್ದೆ. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದ ಸುದ್ದಿ ಬಂತು. ಅವರ ತಾಯಿ ಮುಂಬಯಿ ಮೂಲದ ಆಂಗ್ಲೋ ಇಂಡಿಯನ್. ರಯಾನ್ ಅವರ ಮಂಡಿ ಚೆನ್ನಾಗಿರಲಿ ಎಂದು ನಾನು ಮನಸಾರೆ ಬೇಡಿಕೊಂಡೆ.

ನಾನು ಭಾರತೀಯನಾದದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಈ ದೇಶ ನನ್ನದು, ಮೊದಲೂ ನನ್ನದೇ ಆಗಿತ್ತು. ನನ್ನ ಮಾತು ಇಷ್ಟೇ: ಎರಡು ಪೌರತ್ವ ಬೇಡ ಎಂಬುದು ದೇಶದ ನಿಲುವಾಗಿದ್ದರೆ ಅದನ್ನು ಗೌರವಿಸುತ್ತೇನೆ. ಆದರೆ ದೇಶಕ್ಕೆ ಆಡಲೆಂದೇ ಇನ್ನೊಂದು ಪೌರತ್ವ ಬಿಟ್ಟು ಬರುವ ಆಟಗಾರನ ಹೊಣೆಯನ್ನೂ ಯಾರಾದರೂ ಹೊರಬೇಕು. ಪ್ರಮಾಣ ವಚನ ಸ್ವೀಕರಿಸಿದ ದಿನದಿಂದಲೇ ಅವನಿಗೆ ಗಾಯದ ವಿಮೆ ಇರಲಿ, ಕ್ಲಬ್ ಕೈಬಿಟ್ಟರೂ ಪುನಶ್ಚೇತನ ಪೂರ್ತಿಯಾಗುವ ತನಕ ಚಿಕಿತ್ಸೆ ಸಿಗಲಿ. ಅರ್ಜಿಯ ತೀರ್ಮಾನ ಬೇಗ ಆಗಲಿ, ಏಕೆಂದರೆ ಆಟಗಾರನ ಒಳ್ಳೆಯ ವರ್ಷಗಳು ಕಡತಕ್ಕಾಗಿ ಕಾಯುವುದಿಲ್ಲ.

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗ ತಂದೆತಾಯಂದಿರಿಗೂ ಒಂದು ಮಾತು. ಮಗ ಅಥವಾ ಮಗಳು ಚೆನ್ನಾಗಿ ಆಡುತ್ತಿದ್ದರೆ, ಭಾರತಕ್ಕೆ ಆಡುವ ಆಸೆ ಮನೆಯಲ್ಲಿದ್ದರೆ, ಒಸಿಐ ಕಾರ್ಡನ್ನು ಈಗಲೇ ಮಾಡಿಸಿಡಿ. ಅಜ್ಜ ಅಜ್ಜಿಯರ, ನಿಮ್ಮ ಜನನ ದಾಖಲೆಗಳನ್ನು ಈಗಲೇ ಒಟ್ಟು ಮಾಡಿ. ಪಾಸ್‌ಪೋರ್ಟ್ ಬಿಟ್ಟರೆ ಏನೇನು ಹೋಗುತ್ತದೆ ಎಂದು ಮಕ್ಕಳ ಎದುರು ಕೂತು ಬಿಡಿಸಿ ಹೇಳಿ. ಆಮೇಲೂ ಅವರು ಹೋಗುತ್ತೇನೆ ಎಂದರೆ ತಡೆಯಬೇಡಿ.