ದೇಣಿಗೆ ಬಂದ ಮೇಲೆ ಬರೆಯಬೇಕಾದ ಸಂದೇಶ

ರಮಝಾನ್ ಸಮೀಪಿಸಿತೆಂದರೆ ನಮ್ಮ ಮೊಬೈಲ್‌ಗಳಿಗೆ ಬಿಡುವಿರುವುದಿಲ್ಲ. ಡಯಾಲಿಸಿಸ್‌ಗೆ ಹೋಗುವ ರೋಗಿ, ಮಾಡು ಕುಸಿದ ಮನೆ, ಶುಲ್ಕ ಕಟ್ಟಲಾಗದ ಅನಾಥ ಬಾಲಕ, ಹೀಗೆ ಒಂದರ ಹಿಂದೊಂದು ವಾಟ್ಸ್‌ಆ್ಯಪ್ ಮನವಿಗಳು ಬಂದು ಬೀಳುತ್ತವೆ. ಮೇಲೆ ‘ತುರ್ತು’ ಎಂಬ ಕೆಂಪಕ್ಷರ, ಕೆಳಗೆ ಕ್ಯೂಆರ್ ಕೋಡ್. ಈದ್‌ನ ಚಂದ್ರದರ್ಶನವಾಗುತ್ತಲೇ ಎಲ್ಲವೂ ಸ್ತಬ್ಧ. ಆ ಮಾಡು ಮಳೆಗಾಲದೊಳಗೆ ಎದ್ದಿತೇ, ಆ ಬಾಲಕ ಶಾಲೆಯಲ್ಲಿ ಉಳಿದನೇ ಎಂದು ಹಣ ಕೊಟ್ಟವರಿಗೆ ಯಾರೂ ತಿಳಿಸುವುದಿಲ್ಲ. ಮುಂದಿನ ಶಅಬಾನ್‌ನಲ್ಲಿ ಅದೇ ನಂಬರಿನಿಂದ ಇನ್ನೊಂದು ‘ತುರ್ತು’ ಬರುತ್ತದೆ.

ಕರಾವಳಿಯ ನಮ್ಮ ಪುಟ್ಟ ಜಮಾಅತ್‌ನ ನೆರವು ಸಮಿತಿಯಲ್ಲಿ ದಾನಿಗಳಿಗೆ ಸಂದೇಶ ಬರೆಯುವ ಹೊಣೆ ಕೆಲವು ವರ್ಷಗಳಿಂದ ನಮ್ಮ ಮೇಲಿದೆ. ದಮ್ಮಾಮ್‌ನಲ್ಲಿ ದುಡಿಯುವ ಸಹೋದರರೊಬ್ಬರು ಒಮ್ಮೆ ಕರೆ ಮಾಡಿ, “ಹೋದ ವರ್ಷ ಪುಸ್ತಕ ಕೊಡಿಸಿದ್ದೆವಲ್ಲ, ಆ ಹುಡುಗ ಈಗ ಎಷ್ಟನೇ ಕ್ಲಾಸು?” ಎಂದು ವಿಚಾರಿಸಿದರು. ರಶೀದಿಯನ್ನಾಗಲಿ ಫೋಟೋವನ್ನಾಗಲಿ ಅವರು ಕೇಳಲಿಲ್ಲ. ಒಂಬತ್ತನೆಯ ತರಗತಿ, ಗಣಿತದಲ್ಲಿ ಸ್ವಲ್ಪ ಹಿಂದೆ ಎಂದೆವು. ಮರುದಿನವೇ ಟ್ಯೂಷನ್‌ಗೆಂದು ಹಣ ಬಂತು, ನಾವು ಕೇಳಿರಲಿಲ್ಲ. ಕೊಟ್ಟವರು ಹೆಚ್ಚಾಗಿ ಬಯಸುವುದು ಇಷ್ಟನ್ನೇ. ಯಾಚನೆಯನ್ನು ಮಾತ್ರ ಹೊತ್ತು ಬರುವ ಗುಂಪನ್ನು ಜನರು ಮ್ಯೂಟ್ ಮಾಡಿದರೆ ಅವರ ಹೃದಯ ಕಲ್ಲಾಗಿದೆ ಎಂದು ದೂರುವುದು ನ್ಯಾಯವಲ್ಲ.

‘ಫೋಟೋ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ’ ಎಂಬುದು ಸಮಿತಿಗಳಲ್ಲಿ ಪ್ರತಿವರ್ಷ ಕೇಳಿಬರುವ ವಾದ. ಒಂದು ಅಕ್ಕಿ ಚೀಲಕ್ಕೆ ಆರು ಕೈಗಳು, ನಡುವೆ ತಲೆ ತಗ್ಗಿಸಿ ನಿಂತ ಒಬ್ಬ ವಿಧವೆ. ಇಂತಹ ಚಿತ್ರಗಳನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ 1024 ಮಂದಿಗೆ ಜಾಗವಿದೆ. ಎಲ್ಲರೂ ಎಲ್ಲರನ್ನು ಬಲ್ಲ ಊರಿನಲ್ಲಿ ಆ ಚಿತ್ರ ಸಂಜೆಯೊಳಗೆ ಆಕೆಯ ಮಗಳ ಸಹಪಾಠಿಗಳನ್ನೂ ತಲುಪಿರುತ್ತದೆ. ನಮ್ಮ ಕೇರಿಯ ತಾಯಿಯೊಬ್ಬರು ಕಿಟ್ ತಂದ ಯುವಕರನ್ನು ಬಾಗಿಲಲ್ಲೇ ನಿಲ್ಲಿಸಿ, “ಫೋಟೋ ತೆಗೆಯುವುದಿದ್ದರೆ ಬೇಡ ಮಗಾ, ಮಗಳಿಗೆ ಗಂಡು ನೋಡ್ತಾ ಇದ್ದೇವೆ” ಎಂದಿದ್ದರು. ಮನೆಯಲ್ಲಿ ಅಕ್ಕಿ ಇರಲಿಲ್ಲವೆಂಬುದು ನಮಗೆ ಗೊತ್ತಿತ್ತು. ಸ್ವಾಭಿಮಾನದಿಂದಾಗಿ ಬೇಡದೆ ಉಳಿಯುವ, ಅರಿಯದವರ ಕಣ್ಣಿಗೆ ಅನುಕೂಲಸ್ಥರಂತೆ ಕಾಣುವ ಬಡವರ ಕುರಿತು ಪವಿತ್ರ ಕುರ್‌ಆನ್ (2:273) ಹೇಳುವುದು ಇಂತಹವರನ್ನೇ ಅಲ್ಲವೇ? ಹಂಗಿಸಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬಾರದೆಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿ (2:264) ಇದೆ.

ಹಾಗೆಂದು ಎಲ್ಲವನ್ನೂ ಮರೆಮಾಚಬೇಕೆಂದಲ್ಲ. ಬಹಿರಂಗ ದಾನವೂ ಒಳ್ಳೆಯದೇ, ಬಡವರಿಗೆ ಗುಟ್ಟಾಗಿ ಕೊಡುವುದು ಇನ್ನೂ ಉತ್ತಮ ಎಂಬುದು 2:271ರ ಆಶಯ. ಪಡೆದವರ ಮುಖ ಮರೆಯಲ್ಲಿರಲಿ, ಹಣದ ದಾರಿ ಬೆಳಕಿನಲ್ಲಿರಲಿ ಎಂಬುದು ನಮ್ಮ ನಿಲುವು. ಝಕಾತ್ ಸಂಗ್ರಹಕ್ಕೆ ಹೋಗಿದ್ದ ವ್ಯಕ್ತಿಯೊಬ್ಬರು ಮರಳಿ ಬಂದು ‘ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ’ ಎಂದಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ ಜನರೆದುರೇ ಆ ವಿಷಯವನ್ನು ಪ್ರಸ್ತಾಪಿಸಿ ಎಚ್ಚರಿಸಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಸಮುದಾಯದ ಹಣದ ಲೆಕ್ಕ ಖಜಾಂಚಿಯ ಖಾಸಗಿ ವಿಷಯವಲ್ಲ.

ಆದ್ದರಿಂದ ಪ್ರತಿ ತಿಂಗಳ ಮೊದಲ ಶುಕ್ರವಾರ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ನಾಲ್ಕು ಸಾಲು ಕಳುಹಿಸುತ್ತೇವೆ. ಜೊತೆಗೆ ಎರಡು ನಿಮಿಷದ ಧ್ವನಿ ಸಂದೇಶ, ಬ್ಯಾರಿಯಲ್ಲಿ ಒಂದು, ಉರ್ದುವಿನಲ್ಲಿ ಒಂದು. ಬೀಡಿ ಕಟ್ಟಿ ಉಳಿಸಿದ ಐವತ್ತು ರೂಪಾಯಿಯನ್ನು ಮಗನ ಫೋನಿನಿಂದ ಕಳುಹಿಸುವ ಅಜ್ಜಿಯಂದಿರು ನಮ್ಮಲ್ಲಿದ್ದಾರೆ. ಅವರಿಗೆ ಲಿಪಿ ಬಾರದು, ಕಿವಿ ಚುರುಕು. ಯುಪಿಐಯಲ್ಲಿ ಹಣ ಹಾಕುವಾಗ ಟಿಪ್ಪಣಿಯಲ್ಲಿ ‘ಝಕಾತ್’ ಅಥವಾ ‘ಸದಕಾ’ ಎಂದು ಬರೆಯಲು ವಿನಂತಿಸುತ್ತೇವೆ. ಝಕಾತ್‌ಗೆ ಕುರ್‌ಆನ್ (9:60) ಎಂಟು ವರ್ಗಗಳನ್ನು ಗೊತ್ತುಪಡಿಸಿರುವಾಗ ಎರಡನ್ನೂ ಒಂದೇ ಚೀಲಕ್ಕೆ ಸುರಿಯಲು ನಮಗೇನು ಅಧಿಕಾರ? ಇನ್ನೊಂದು ಮಾತು: ಯುಎಇಯಲ್ಲಿರುವ ನಮ್ಮ ಮಕ್ಕಳಿಗೆ ‘ಅಲ್ಲಿನ ಗುಂಪುಗಳಲ್ಲೂ ಹಂಚಿ’ ಎಂದು ಬರೆಯುವುದಿಲ್ಲ. ಪರವಾನಗಿಯಿಲ್ಲದೆ ನಿಧಿ ಸಂಗ್ರಹಿಸುವುದು ಅಲ್ಲಿನ 2021ರ ಕಾನೂನಿನಂತೆ ಅಪರಾಧ. ನಮ್ಮ ಪುಣ್ಯಕಾರ್ಯಕ್ಕಾಗಿ ಪರವೂರಿನ ಹುಡುಗ ಠಾಣೆ ಹತ್ತುವಂತಾಗಬಾರದು.

ನಾವು ಬರೆದ ಸಂದೇಶಗಳಲ್ಲಿ ಅತ್ಯಂತ ಕಷ್ಟದ್ದು ಕಳೆದ ವರ್ಷದ್ದು. ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗುತ್ತಿದ್ದ ಸಹೋದರರೊಬ್ಬರಿಗೆ ಹಣ ಕೂಡಿಸಿದ್ದೆವು. ಈದ್ ಕಳೆದು ಮೂರನೆಯ ವಾರದಲ್ಲಿ ಅವರು ಅಲ್ಲಾಹನೆಡೆಗೆ ಮರಳಿದರು. 14,300 ರೂಪಾಯಿ ಉಳಿದಿತ್ತು. ಸಾವಿನ ಸುದ್ದಿ ತಿಳಿದರೆ ಜನ ಮುಂದೆ ಕೊಡಲು ಹಿಂಜರಿಯುತ್ತಾರೆ, ಹಣವನ್ನು ಸಾಮಾನ್ಯ ನಿಧಿಗೆ ಸೇರಿಸಿಬಿಡೋಣ ಎಂದು ಸಮಿತಿಯ ಕೆಲವರು ಹೇಳಿದರು. ಅದು ಒಬ್ಬರ ಹೆಸರಿನಲ್ಲಿ ಕೇಳಿ ಪಡೆದ ಅಮಾನತ್ತು ಎಂಬುದು ನಮ್ಮ ವಾದವಾಗಿತ್ತು. ರಾತ್ರಿಯವರೆಗೆ ಚರ್ಚೆ ನಡೆಯಿತು. ಕೊನೆಗೆ ಕೊಟ್ಟ ಮೂವತ್ತೊಂದು ಮಂದಿಗೂ ಪ್ರತ್ಯೇಕವಾಗಿ ಬರೆದೆವು: ಅವರು ತೀರಿಕೊಂಡಿದ್ದಾರೆ, ದುಆ ಮಾಡಿರಿ, ಉಳಿದ ಹಣವನ್ನು ಏನು ಮಾಡಬೇಕೆಂದು ತಿಳಿಸಿರಿ.

ಇನ್ನೊಬ್ಬ ರೋಗಿಗೆ ಕೊಡಿ ಎಂದವರೇ ಹೆಚ್ಚು. ನಾಲ್ವರು ಮೃತರ ಮಕ್ಕಳ ಶಾಲಾ ಶುಲ್ಕಕ್ಕೆ ಎಂದರು, ಅದರಲ್ಲಿ ಇಬ್ಬರು ಮತ್ತಷ್ಟು ಸೇರಿಸಿದರು. ಒಬ್ಬರಿಂದ ಉತ್ತರ ಬಂದಿಲ್ಲ. ಅವರ ಪಾಲಿನ ಐನೂರು ರೂಪಾಯಿ ನಮ್ಮ ಪುಸ್ತಕದಲ್ಲಿ ಬೇರೆಯೇ ಸಾಲಿನಲ್ಲಿದೆ.