ಬಿಸಿಲೆಯ ಕೆಮ್ಮಣ್ಣು ದಾರಿಗೊಂದು ಮೋಟಾರು ಸೈಕಲ್

ಸಕಲೇಶಪುರದಿಂದ ದಕ್ಷಿಣಕ್ಕೆ ಹೊರಟು, ಹೆತ್ತೂರು, ವಣಗೂರುಗಳನ್ನು ಹಾದು ಬಿಸಿಲೆಯ ಕಡೆಗೆ ಸಾಗುವ ದಾರಿಯನ್ನು ಒಮ್ಮೆ ಕಂಡವರು ಮರೆಯಲಾರರು. ಎಡಬಲಗಳಲ್ಲಿ ಕಾಫಿಯ ತೋಟಗಳು. ಅವುಗಳ ನಡುವೆ ಮೈತುಂಬ ಮೆಣಸಿನ ಬಳ್ಳಿ ಹೊದ್ದು ನಿಂತ ಸಿಲ್ವರ್ ಓಕ್ ಮರಗಳು. ತೋಟ ಮುಗಿದಲ್ಲಿ ಕಣಿವೆ, ಕಣಿವೆಯಾಚೆ ಕಾಡು. ಹೆಸರು ಬಿಸಿಲೆ ಎಂದಿದ್ದರೂ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಬಿಸಿಲನ್ನು ಕಂಡವರು ಕಡಮೆ. ಇಲ್ಲಿಯ ಏಣಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ, ಕೃಷ್ಣರಾಜಸಾಗರದ ಬಳಿ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ನಡೆಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಕೈಹಿಡಿದು ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತದೆ. ಎರಡು ಸಮುದ್ರಗಳಿಗೆ ನೀರನ್ನು ಹಂಚಿಕೊಡುವ ಈ ಉದಾರ ಭೂಮಿಯು ತನ್ನ ಮಕ್ಕಳಿಗೆ ನೆಟ್ಟಗಿನ ದಾರಿಯೊಂದನ್ನು ಮಾತ್ರ ಕೊಟ್ಟಿಲ್ಲ.

ನಮ್ಮ ಮನೆಯಿರುವುದು ಹೆತ್ತೂರಿನಾಚೆ, ಡಾಂಬರು ಮುಗಿದ ಮೇಲೆ ನಾಲ್ಕು ಕಿಲೋಮೀಟರ್ ಒಳಗೆ. ಈ ನಾಲ್ಕರಲ್ಲಿ ಎರಡು ಹಳ್ಳಗಳು, ಒಂದು ಮೋರಿ, ಮತ್ತು ಮನೆಯವರು ‘ನೇರಳೆಮರದ ಏರು’ ಎಂದು ಕರೆಯುವ ಒಂದು ಕಡಿದಾದ ಜಾಗ. ಬೇಸಗೆಯಲ್ಲಿ ಜೀಪು ಬರುತ್ತದೆ. ಆಷಾಢ ಹಿಡಿದ ಮೇಲೆ ಜೀಪಿನವರು ಮೋರಿಯ ಬಳಿಯೇ ಕೈಮುಗಿಯುತ್ತಾರೆ. ತಂದೆಯವರು ಇಲ್ಲವಾದ ಮೇಲೆ ತಾಯಿಯೊಬ್ಬರೇ ಆ ಮನೆಯಲ್ಲಿದ್ದರು. ಎಪ್ಪತ್ತೆಂಟರ ವಯಸ್ಸು, ರಕ್ತದ ಒತ್ತಡ, ಹೃದಯದ ಮಾತ್ರೆಗಳು. ಆದರೂ ಬೆಂಗಳೂರಿಗೆ ಬರಲೊಲ್ಲರು. ಹದಿನೆಂಟು ವರ್ಷ ನಗರದಲ್ಲಿ ಉದ್ಯೋಗ ಮಾಡಿದ ನಾನೇ ಕಡೆಗೆ ಹಿಂದಿರುಗಿದೆ. ಹಿಂದಿರುಗಿದವನಿಗೆ ಮೊದಲು ಬೇಕಾದದ್ದು ಈ ನಾಲ್ಕು ಕಿಲೋಮೀಟರನ್ನು ಮಳೆಗಾಲದಲ್ಲಿಯೂ ದಾಟಬಲ್ಲ ಒಂದು ವಾಹನ.

ಮೋಟಾರು ಸೈಕಲ್ ನನಗೆ ಹೊಸದಲ್ಲ. ತಾರುಣ್ಯದಲ್ಲಿ ಇದೇ ಏರನ್ನು ತಂದೆಯವರ ಯೆಜ್ಡಿಯ ಮೇಲೆ ಹತ್ತಿದವನು ನಾನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಹೊರತಂದ ಆ ಬಂಡಿಗಳನ್ನು ಮಲೆನಾಡಿನ ಜನ ಎತ್ತಿನಂತೆ ದುಡಿಸಿಕೊಂಡರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವುದು. ಕಿಕ್ಕರನ್ನು ಒದ್ದು ಅದನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರಿನ ಸನ್ನೆಯಾಗುವುದು. ಚೈನಿನ ಸುತ್ತ ತಗಡಿನ ಪೂರ್ಣ ಕವಚ. ಆ ಕವಚದ ಬೆಲೆ ನನಗೆ ಅರ್ಥವಾದದ್ದು ಈ ವರ್ಷ.

ಈಗ ಕೊಂಡದ್ದು ಹೀರೋ ಕಂಪನಿಯ ಎಕ್ಸ್‌ಪಲ್ಸ್, 2021ರಲ್ಲಿ ಬಂದ ನಾಲ್ಕು ವಾಲ್ವಿನ ಮಾದರಿ. ಪಂದ್ಯಗಳಲ್ಲಿ ಹಾರುವ ಅಪ್ಪಟ ಡರ್ಟ್ ಬೈಕಿಗಿಂತ ಇದು ಭಾರ. ಸುಮಾರು 160 ಕಿಲೋಗ್ರಾಂ ತೂಗುತ್ತದೆ. ಆದರೆ ದಾಖಲೆ, ದೀಪ, ಸಂಖ್ಯಾಫಲಕಗಳೊಡನೆ ಸಕಲೇಶಪುರದ ಪೇಟೆಗೂ ಹೋಗಿಬರಬೇಕಾದ ನನ್ನಂಥವನಿಗೆ ಇದೇ ಸರಿ. ಮುಂದಿನ ಚಕ್ರ 21 ಅಂಗುಲ, ಹಿಂದಿನದು 18. ನೆಲದಿಂದ ಹೊಟ್ಟೆಗೆ 220 ಮಿಲಿಮೀಟರ್ ಅಂತರ. ದೊಡ್ಡ ಮುಂಚಕ್ರವು ಕಲ್ಲನ್ನು ಗುದ್ದದೆ ಹತ್ತಿ ಇಳಿಯುವುದನ್ನು ಮೊದಲ ದಿನವೇ ಕಂಡು ಮನಸ್ಸು ಹಿಗ್ಗಿತು. ಆದರೆ ಅಂಗಡಿಯಿಂದ ಹೊರಬಂದ ಬಂಡಿಯು ಯಾವ ಸವಾರನಿಗೂ, ಯಾವ ಊರಿಗೂ ಸೇರಿದುದಲ್ಲ. ಅದನ್ನು ನಮ್ಮ ಮೈತೂಕಕ್ಕೂ ನಮ್ಮ ಮಣ್ಣಿಗೂ ಒಗ್ಗಿಸಿಕೊಳ್ಳಬೇಕು.

ಸಕಲೇಶಪುರದಲ್ಲಿ ವೃದ್ಧ ಮೆಕ್ಯಾನಿಕರೊಬ್ಬರಿದ್ದಾರೆ, ಊರಿಗೆಲ್ಲ ಸಾಹೇಬರು. ತಂದೆಯವರ ಯೆಜ್ಡಿಯನ್ನು ನೋಡಿಕೊಂಡವರು ಅವರೇ. ಹೊಸ ಬಂಡಿಯನ್ನು ಸುತ್ತು ಹಾಕಿ ನೋಡಿ, “ಗಾಡಿ ಚೆನ್ನಾಗಿದೆ ಸ್ವಾಮಿ. ಆದರೆ ಇದು ಇನ್ನೂ ನಿಮ್ಮನ್ನ ಹೊತ್ತಿಲ್ಲ,” ಎಂದರು. ಅವರ ಮಾತಿನ ಅರ್ಥ ಅಳತೆಯ ಪಟ್ಟಿಯಿಂದ ಹೊರಬಿತ್ತು. ಬಂಡಿಯನ್ನು ಮರದ ದಿಮ್ಮಿಯ ಮೇಲೆತ್ತಿ, ಹಿಂಚಕ್ರ ನೇತಾಡುವಂತೆ ಮಾಡಿ, ಆ್ಯಕ್ಸಲಿನಿಂದ ನೇರವಾಗಿ ಮೇಲೆ ಆಸನದ ಕೆಳಗಿನ ಒಂದು ಗುರುತಿನವರೆಗೆ ಅಳೆದರು: 600 ಮಿಲಿಮೀಟರ್. ಅನಂತರ ಮಳೆಯಂಗಿ, ಬೂಟು, ಬೆನ್ನಚೀಲಗಳ ಸಮೇತ ನನ್ನನ್ನು ಕೂರಿಸಿ, ಹುಡುಗನೊಬ್ಬ ಹ್ಯಾಂಡಲ್ ಹಿಡಿದಿರಲು ಮತ್ತೆ ಅಳೆದರು: 525. ಅಂದರೆ 75 ಮಿಲಿಮೀಟರಿನಷ್ಟು ಕುಗ್ಗುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರಿನಿಂದ ಚಕ್ರಕ್ಕಿರುವ ಒಟ್ಟು ಆಟ 170. ಸವಾರ ಕುಳಿತಾಗ ಅದರ ಮೂರರಲ್ಲೊಂದು ಪಾಲು, ಎಂದರೆ 57ರ ಸುತ್ತ, ಕುಗ್ಗಬೇಕೆಂಬುದು ಬಲ್ಲವರ ಲೆಕ್ಕ. ಹೆಚ್ಚು ಕುಗ್ಗಿದರೆ ಹಿಂಭಾಗ ಕುಳಿತು ಮುಂಚಕ್ರ ಹಗುರವಾಗುತ್ತದೆ; ಏರಿನಲ್ಲಿ ಅದು ನೆಲಬಿಟ್ಟು ದಾರಿ ತಪ್ಪುತ್ತದೆ. ಕಡಮೆ ಕುಗ್ಗಿದರೆ ಹಿಂಭಾಗ ಎತ್ತಿ, ಇಳಿಜಾರಿನಲ್ಲಿ ಮೂಗು ಮುಗ್ಗರಿಸುತ್ತದೆ. ಸ್ಪ್ರಿಂಗಿನ ಉಂಗುರವನ್ನು ಎರಡು ಹಂತ ಬಿಗಿಮಾಡಿದ ಮೇಲೆ 60ಕ್ಕೆ ಬಂದಿತು. “ಅಕ್ಕಿ ಮೂಟೆ ಕಟ್ಟೋ ದಿನ ಇನ್ನೊಂದು ಹಂತ,” ಎಂದರು ಸಾಹೇಬರು. ತಂದೆಯವರ ಕಾಲದಲ್ಲಿ ಈ ಅಳತೆಯನ್ನು ಯಾರೂ ಮಾಡಿದುದಿಲ್ಲ. ಬಿದ್ದರೆ ದಾರಿಯನ್ನು ಬೈಯುತ್ತಿದ್ದೆವು, ಅಷ್ಟೆ.

ಕೈಗೆ ಸಂಬಂಧಿಸಿದ ಕೆಲಸ ಚಿಕ್ಕದು, ಆದರೆ ಅದರ ಫಲ ದೊಡ್ಡದು. ಮಣ್ಣು ದಾರಿಯಲ್ಲಿ ಸವಾರನು ಅರ್ಧ ಹೊತ್ತು ಪಾದಗಳ ಮೇಲೆ ನಿಂತಿರುತ್ತಾನೆ. ಆದಕಾರಣ ಕ್ಲಚ್ಚು, ಬ್ರೇಕುಗಳ ಸನ್ನೆಗಳನ್ನು ನಿಂತಾಗ ಮಣಿಕಟ್ಟು ನೇರವಾಗಿರುವಂತೆ ಕೆಳಕ್ಕೆ ತಿರುಗಿಸಿದೆವು. ಅವುಗಳ ಹಿಡಿಯ ಬೋಲ್ಟನ್ನು ಪೂರ್ತಿ ಬಿಗಿಯಲಿಲ್ಲ. ಕೈಯಿಂದ ಬಲವಾಗಿ ತಳ್ಳಿದರೆ ತಿರುಗುವಷ್ಟು ಮಾತ್ರ ಬಿಗಿದೆವು. ಬಂಡಿ ಮಗುಚಿದರೆ ಸನ್ನೆ ತಿರುಗಿಕೊಂಡು ಉಳಿಯುತ್ತದೆ. ಇಲ್ಲವಾದರೆ ಮುರಿದು, ಕ್ಲಚ್ಚಿಲ್ಲದ ಬಂಡಿಯನ್ನು ಕಾಡಿನಂಚಿನಲ್ಲಿ ತಳ್ಳುವ ಪ್ರಸಂಗ ಬರುತ್ತದೆ. ಸಂಜೆ ಐದರ ಮೇಲೆ ಆನೆಗಳು ತೋಟಕ್ಕಿಳಿಯುವ ನಮ್ಮ ಸೀಮೆಯಲ್ಲಿ ಇದು ಹಗುರಾಗಿ ಆಡುವ ಮಾತಲ್ಲ. ಆನೆಯಿರುವ ಸುದ್ದಿ ಈಗ ಕೈಯ ಫೋನಿಗೇ ಬರುತ್ತದೆ, ನಿಜ. ಆದರೆ ಕಣಿವೆಯಲ್ಲಿ ಫೋನೇ ಮೂಕ.

ಚೈನಿನ ವಿಷಯಕ್ಕೆ ಬರೋಣ. ಹೊಸ ಬಂಡಿಯ ಚೈನಿಗೆ ಯೆಜ್ಡಿಯ ಕವಚವಿಲ್ಲ. ಕೆಮ್ಮಣ್ಣು ಎಣ್ಣೆಯೊಡನೆ ಕಲೆತು ಅರಗಲ್ಲಿನ ಪುಡಿಯಂತೆ ಅದನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಸೀಮೆಎಣ್ಣೆಯಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆದು, ಒರಸಿ, ಎಣ್ಣೆ ಹಾಕಬೇಕು. ಅದನ್ನು ಬಿಗಿಮಾಡುವಲ್ಲಿ ಒಂದು ಸೂಕ್ಷ್ಮವುಂಟು. ಹಿಂಚಕ್ರ ಮೇಲೆ ಕೆಳಗೆ ಆಡಿದಂತೆ ಚೈನಿನ ಸಡಿಲ ಬದಲಾಗುತ್ತದೆ. ಮುಂದಿನ ಹಲ್ಲುಚಕ್ರ, ಹಿಂದೋಳಿನ ತಿರುಗಣೆ, ಹಿಂದಿನ ಆ್ಯಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಅದು ಅತ್ಯಂತ ಬಿಗಿ. ಇಬ್ಬರು ಕುಳಿತು ಬಂಡಿಯನ್ನು ಆ ಗೆರೆಗೆ ತಂದಾಗಲೂ ಬೆರಳಿಗೆ ಒಂದಿಷ್ಟು ಸಡಿಲ ಸಿಗಲೇಬೇಕು. ಸ್ಟ್ಯಾಂಡಿನ ಮೇಲೆ ಅಂದವಾಗಿ ಬಿಗಿದಿಟ್ಟ ಚೈನು ಹಳ್ಳದ ಗುಂಡಿಯಲ್ಲಿ ಬೇರಿಂಗನ್ನೇ ಎಳೆದು ಕೆಡಿಸುತ್ತದೆ.

ಡಾಂಬರಿನಲ್ಲಿ ಹಿಂದಕ್ಕೆ 28, ಮುಂದಕ್ಕೆ 25 ಪೌಂಡ್ ಗಾಳಿ. ಡಾಂಬರು ಮುಗಿದೊಡನೆ ಎರಡನ್ನೂ 18ರ ಸುತ್ತ ಇಳಿಸುತ್ತೇನೆ. ಟೈರು ಅಂಗೈ ಅಗಲಿಸಿದಂತೆ ನೆಲವನ್ನು ಹಿಡಿಯುತ್ತದೆ. ಇನ್ನೂ ಇಳಿಸುವ ಆಸೆ ಬೇಡ. ಒಳಗೆ ಟ್ಯೂಬಿರುವುದರಿಂದ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅದು ಹರಿಯುತ್ತದೆ. ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬಾರದೆಂಬುದೂ ಸಾಹೇಬರ ಪಾಠವೇ. ಅದನ್ನು ಮೇಲಕ್ಕೆ ತಿರುಗಿಸಿ ಮುಚ್ಚಳಕ್ಕೆ ಒತ್ತಿಬಿಟ್ಟರೆ, ಟೈರಿನೊಡನೆ ಟ್ಯೂಬು ಜರುಗಿದಾಗ ವಾಲ್ವು ಓರೆಯಾಗಿ ನಿಂತು ಮುನ್ಸೂಚನೆ ಕೊಡುತ್ತದೆ. ಬಿಗಿದಿದ್ದರೆ ಸದ್ದಿಲ್ಲದೆ ಬುಡದಲ್ಲೇ ಕಿತ್ತುಹೋಗುತ್ತದೆ. ಹೊಸ ಚಕ್ರದ ಕಡ್ಡಿಗಳು ಮೊದಲ ಕೆಲವು ಸವಾರಿಗಳಲ್ಲಿ ಸಡಿಲವಾಗುವುದು ಸಹಜ. ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟಿ ಕೇಳಬೇಕು. ಸರಿಯಿದ್ದರೆ ತಂಬೂರಿಯ ತಂತಿಯಂತೆ ನಾದ, ಸಡಿಲಾಗಿದ್ದರೆ ಒಡಕು ಮಡಕೆಯ ಸದ್ದು. ಬೆಳಗಿನ ಕಾಫಿಯ ಹೊತ್ತಿಗೆ ನಾನು ಅಂಗಳದಲ್ಲಿ ಕಡ್ಡಿ ತಟ್ಟುವುದನ್ನು ಕಂಡು ತಾಯಿಯವರು, “ಏನೋ ಅದು, ಸಂಗೀತ ಶುರು ಮಾಡಿದೀಯ?” ಎಂದು ಕೇಳುವುದುಂಟು.

ಜುಲೈ ತಿಂಗಳಿನಲ್ಲಿ ಆರು ದಿನ ಬಿಡದೆ ಮಳೆ ಹೊಡೆಯಿತು. ಮೋರಿಯ ಒಂದು ಮಗ್ಗುಲು ಕುಸಿಯಿತು, ವಿದ್ಯುತ್ತು ಹೋಯಿತು. ಐದನೆಯ ದಿನ ರಾತ್ರಿ ತಾಯಿಯವರಿಗೆ ಉಬ್ಬಸ ಕಾಣಿಸಿಕೊಂಡಿತು, ಕಾಲು ಬಾತಿದ್ದವು. ಇದ್ದ ಮಾತ್ರೆ ಎರಡೇ. ಬೆಳಕು ಹರಿಯುತ್ತಲೇ ನೆರೆತೋಟದ ಅಕ್ಕನವರನ್ನು ಅವರ ಬಳಿ ಕೂರಿಸಿ ಹೊರಟೆ. ಮೊದಲ ಹಳ್ಳದಲ್ಲಿ ನೀರು ಆ್ಯಕ್ಸಲಿಗಿಂತ ಮೇಲಿತ್ತು. ಕಾಲಿಟ್ಟು ಆಳ ನೋಡಿ, ಒಂದನೆಯ ಗೇರಿನಲ್ಲಿ ಥ್ರಾಟಲ್ ಬಿಡದೆ ದಾಟಿದೆ. ಹಳ್ಳದ ನಡುವೆ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬಾರದು. ನೀರು ಸಿಲಿಂಡರಿಗೆ ಹೋಗಿದ್ದರೆ ಕನೆಕ್ಟಿಂಗ್ ರಾಡೇ ಬಗ್ಗಿಹೋದೀತು. ನನ್ನದು ನಿಲ್ಲಲಿಲ್ಲ. ನೇರಳೆಮರದ ಏರಿನಲ್ಲಿ ಕೆಮ್ಮಣ್ಣು ಲೋಳೆಯಾಗಿತ್ತು. ಹಿಂಚಕ್ರ ಅತ್ತಿತ್ತ ಹರಿದಾಡಿದರೂ ಮುಂಚಕ್ರ ನೆಲ ಬಿಡಲಿಲ್ಲ. ಆ 15 ಮಿಲಿಮೀಟರಿನ ಲೆಕ್ಕ ಅಲ್ಲಿ ನೆನಪಾಯಿತು. ದೂರವಾಣಿ ಸಿಕ್ಕ ತಿರುವಿನಲ್ಲಿ ವೈದ್ಯರೊಡನೆ ಮಾತಾಡಿ, ಅವರು ಹೇಳಿದ ಔಷಧವನ್ನು ತಂದು, ಹತ್ತೂವರೆಗೆ ಮನೆ ಸೇರಿದೆ. ಮೂರನೆಯ ದಿನ ಮಳೆ ಬಿಟ್ಟ ಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೋರಿ ದಾಟಿಸಿ, ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಈಗ ಗುಣವಾಗಿದ್ದಾರೆ.

ಈ ಬಗೆಯ ಬಂಡಿಗಳ ವಿಷಯದಲ್ಲಿ ನಮ್ಮ ಸೀಮೆಯ ಜನರಿಗೆ ಅಸಮಾಧಾನವೂ ಉಂಟು, ಅದು ನ್ಯಾಯವಾದುದೇ. ರಜೆಯ ದಿನಗಳಲ್ಲಿ ಗುಂಪುಗುಂಪಾಗಿ ಬಂದು ಹುಲ್ಲುಗುಡ್ಡದ ನೆತ್ತಿಗೆ ಬಂಡಿ ಹತ್ತಿಸುವವರಿದ್ದಾರೆ. ಚಕ್ರ ಕೊರೆದ ಗೆರೆಯಲ್ಲಿ ಮರುಮಳೆಗೆ ನೀರು ಹರಿಯುತ್ತದೆ, ಅದರ ಮರುವರ್ಷಕ್ಕೆ ಅಲ್ಲಿ ಕೊರಕಲು. ಎದುರಿಗಿರುವ ಪುಷ್ಪಗಿರಿ ವನ್ಯಧಾಮವು 2012ರಲ್ಲಿ ಪಶ್ಚಿಮಘಟ್ಟಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಅಂಥ ಕಾಡಿನ ಮಗ್ಗುಲಲ್ಲಿ ದಾರಿಬಿಟ್ಟು ಇಳಿಯುವುದು ಸಾಹಸವಲ್ಲ, ಅತಿಕ್ರಮ. ನಾನಂತೂ ಬಂಡಿ ದಾರಿ ಬಿಟ್ಟು ಅಡಿಯೂ ಕದಲುವುದಿಲ್ಲ. ಆ ನಾಲ್ಕು ಕಿಲೋಮೀಟರೇ ನನಗೆ ಬೇಕಾದಷ್ಟು ಸಾಹಸ ಒದಗಿಸುತ್ತವೆ.

ಮಳೆ ಹಿಂದೆಗೆದ ಮೇಲೆ ಸಾಹೇಬರೂ ನಾನೂ ಬಂಡಿಯನ್ನು ಬಿಚ್ಚಿದೆವು. ಎಂಜಿನ್ ಎಣ್ಣೆ ಹಾಲುಬಣ್ಣಕ್ಕೆ ತಿರುಗಿರಲಿಲ್ಲ. ನೀರು ಒಳಹೊಕ್ಕಿಲ್ಲವೆಂದು ಅದೇ ಸಾಕ್ಷಿ. ಹ್ಯಾಂಡಲಿನ ಕೊರಳು, ಹಿಂದೋಳಿನ ತಿರುಗಣೆಗಳಿಗೆ ಹೊಸ ಗ್ರೀಸು ತುಂಬಿದೆವು. ಮುಂದಿನ ಫೋರ್ಕಿನ ಒಂದು ಸೀಲಿನಲ್ಲಿ ಎಣ್ಣೆ ಜಿನುಗುತ್ತಿತ್ತು. ಸಾಹೇಬರು ಸೀಲನ್ನು ಬದಲಾಯಿಸಲಿಲ್ಲ. ತಂದೆಯವರ ಕ್ಯಾಮೆರಾದ ಹಳೆಯ ಫಿಲ್ಮಿನ ತುಂಡೊಂದನ್ನು ನನ್ನಿಂದ ಕೇಳಿ ಪಡೆದು, ಧೂಳಿನ ಮುಚ್ಚಳವನ್ನು ಮೇಲೆತ್ತಿ, ಅದನ್ನು ಸೀಲಿಗೂ ಕೊಳವೆಗೂ ನಡುವೆ ತೂರಿಸಿ ಸುತ್ತಲೂ ಒಂದು ಸಲ ಎಳೆದರು. ಕಡುಗೆಂಪು ಮಣ್ಣಿನ ಎಳೆಯೊಂದು ಹೊರಬಂತು, ಜಿನುಗು ನಿಂತಿತು. ನೀರಿನ ಪಂಪಿನ ಬಿರುಸಿನಲ್ಲಿ ಬೇರಿಂಗುಗಳಿಗೆ ಹೊಡೆದು ತೊಳೆಯಬಾರದೆಂದು ಮತ್ತೊಮ್ಮೆ ಎಚ್ಚರಿಸಿದರು.

ಇನ್ನು ಕಾಫಿಯ ಕೊಯ್ಲು. ದಾರಿ ಒಣಗಿ ಕೆಂಧೂಳು ಏಳುತ್ತದೆ, ಎಣ್ಣೆ ಚೈನಿಗೆ ಕಡಮೆ ಸಾಕು, ಗಾಳಿ ಫಿಲ್ಟರಿನ ಸರದಿ ಬರುತ್ತದೆ. ಇದರಲ್ಲಿರುವುದು ಕಾಗದದ ಫಿಲ್ಟರು, ತೊಳೆಯುವಂಥದಲ್ಲ, ಎರಡು ತಂದಿಟ್ಟಿದ್ದೇನೆ. ಟೈರಿನ ಗಾಳಿಯನ್ನು ಮತ್ತೆರಡು ಪೌಂಡ್ ಏರಿಸಿ, ಇಂಬಳಗಳಿಗೆಂದು ಆಸನದ ಕೆಳಗಿಟ್ಟಿದ್ದ ಹೊಗೆಸೊಪ್ಪಿನ ಪೊಟ್ಟಣವನ್ನು ತೆಗೆದು ಅಡುಗೆಮನೆಯ ಅಟ್ಟಕ್ಕೆ ಹಾಕಿದೆ.